ನಾಲ್ಕು ಗೇರಿನ ಕಾರಿಗೆ ಐದನೆಯ ಗೇರು



ಸತ್ಯಮಂಗಲ ದಾಟಿ, ಬಣ್ಣಾರಿ ಅಮ್ಮನ ಗುಡಿಯ ಮುಂದೆ ಕೈಮುಗಿದು, ದಿಂಬಂ ಘಾಟಿ ಹತ್ತಿ ಚಾಮರಾಜನಗರದ ಕಡೆಗೆ ಹೋಗುವ ದಾರಿ ನಮ್ಮಲ್ಲಿ ಬಹಳ ಮಂದಿಗೆ ನೆಂಟರ ಮನೆಯ ದಾರಿ. ಆ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರು ಚಾಲಕರ ಎಡಗೈಯನ್ನು ಗಮನಿಸಿರಬಹುದು. ತಿರುವು ಬಂದಾಗಲೆಲ್ಲ ಆ ಕೈ ಗೇರ್ ರಾಡಿಗೆ ಹೋಗುತ್ತದೆ, ಇಂಜಿನ್ನಿನ ದನಿ ಬದಲಾಗುತ್ತದೆ, ಬಸ್ಸು ನಿಧಾನವಾದರೂ ಬಲವಾಗಿ ಮೇಲೇರುತ್ತದೆ. ಆ ರಾಡಿನ ಕೆಳಗಿರುವ ಪೆಟ್ಟಿಗೆಯ ವಿಷಯವೇ ಇಂದಿನ ಮಾತು. ಅದರಲ್ಲೂ ನಾಲ್ಕು ಗೇರಿನ ಹಳೆಯ ಕಾರಿಗೆ ಈಚಿನ ಕಾಲದ ಐದು ಗೇರಿನ ಪೆಟ್ಟಿಗೆ ಹಾಕಿಸಲು ಹೊರಟವರು ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಬೇಕೆಂದಿದ್ದೇನೆ.

ಇದನ್ನು ಹೇಳಲು ನನಗೊಂದು ಕಾರಣವಿದೆ. ನನ್ನ ಸೋದರಮಾವನವರ ಮನೆ ಅವಿನಾಶಿಯ ಹತ್ತಿರ. ನೂಲಿನ ವ್ಯಾಪಾರ. ಅವರ ಬಳಿ 1968ರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಕೊಯಮತ್ತೂರಿನಿಂದ ಸತ್ಯಮಂಗಲದ ಮೇಲೆ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಗೆ ಈಗ 948 ಎಂಬ ಸಂಖ್ಯೆ. ಹೆರಾಲ್ಡಿನ ಇಂಜಿನ್ನೂ 948 ಸಿಸಿ. "ಈ ರಸ್ತೆ ನಮ್ಮ ಕಾರಿಗೇ ಹಾಕಿದ್ದು ಕಣೋ" ಎಂದು ಮಾವ ನಗುತ್ತಿದ್ದರು. ಅದೇ ರಸ್ತೆಯಲ್ಲಿ, ದಿಂಬಂ ಘಾಟಿಯ ನಡುವೆ, ಐದು ಗೇರು ಹಾಕಿಸಿದ ಮೂರನೇ ತಿಂಗಳಿಗೆ ಆ ಕಾರು ಐದು ಜನರನ್ನು ಹೊತ್ತು ನಿಂತುಬಿಟ್ಟಿತು. ಏಕೆ ನಿಂತಿತು ಎಂಬುದು ತಿಳಿಯಬೇಕಾದರೆ ಗೇರು ಏನು ಮಾಡುತ್ತದೆ ಎಂಬುದು ಮೊದಲು ತಿಳಿಯಬೇಕು.

ಸೋಮನೂರು, ಪಲ್ಲಡಂ ಕಡೆಯ ವಿದ್ಯುತ್ ಮಗ್ಗದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಂಗುಲಕ್ಕೆ ಇಷ್ಟು ಹೊಕ್ಕು ಬೇಕು ಎಂದು ಲೆಕ್ಕ ಬದಲಾದಾಗ ನೀವು ಮೋಟಾರನ್ನು ಮುಟ್ಟುವುದಿಲ್ಲ. ಬಟ್ಟೆ ಸುತ್ತುವ ಕಡೆಯ ಒಂದು ಹಲ್ಲಿನ ಚಕ್ರವನ್ನು ತೆಗೆದು, ಹಲ್ಲು ಹೆಚ್ಚೋ ಕಡಿಮೆಯೋ ಇರುವ ಇನ್ನೊಂದನ್ನು ಹಾಕುತ್ತೀರಿ. ಮೋಟಾರಿನ ಓಟ ಅದೇ, ಮಗ್ಗದ ಹೊಡೆತ ಅದೇ, ಬಟ್ಟೆ ಸಾಗುವ ವೇಗ ಮಾತ್ರ ಬೇರೆ. ಕಾರಿನ ಗೇರ್ ಪೆಟ್ಟಿಗೆಯೂ ಇಷ್ಟೇ. ವ್ಯತ್ಯಾಸ ಏನೆಂದರೆ ಚಕ್ರಗಳನ್ನು ಬಿಚ್ಚಿ ಹಾಕುವ ಬದಲು ಎಲ್ಲ ಜೋಡಿಗಳನ್ನೂ ಒಂದೇ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಯಾವ ಜೋಡಿ ಕೆಲಸ ಮಾಡಬೇಕು ಎಂಬುದನ್ನು ನಮ್ಮ ಕೈಯಲ್ಲಿರುವ ರಾಡು ಆರಿಸುತ್ತದೆ.

15 ಹಲ್ಲಿನ ಚಿಕ್ಕ ಚಕ್ರ 60 ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸಿದರೆ, ಚಿಕ್ಕದು ನಾಲ್ಕು ಸುತ್ತು ಸುತ್ತಿದಾಗ ದೊಡ್ಡದು ಒಂದು ಸುತ್ತು. ವೇಗ ಕಾಲು ಭಾಗಕ್ಕೆ ಇಳಿಯಿತು, ಎಳೆಯುವ ಬಲ ನಾಲ್ಕು ಪಟ್ಟಾಯಿತು. ಇದನ್ನು 4ರ ಅನುಪಾತ ಎನ್ನುತ್ತಾರೆ. ಮೊದಲನೆಯ ಗೇರು ಎಂದರೆ ಇಂಥದ್ದು. ಗೇರು ಮೇಲೆ ಹೋದಂತೆ ಅನುಪಾತ ಇಳಿಯುತ್ತದೆ. ಹಳೆಯ ಕಾರುಗಳ ನಾಲ್ಕನೆಯ ಗೇರಿನಲ್ಲಿ ಅದು ಸರಿಯಾಗಿ 1. ಅಂದರೆ ಇಂಜಿನ್ ಒಂದು ಸುತ್ತು, ಪೆಟ್ಟಿಗೆಯಿಂದ ಹೊರಬರುವ ಶಾಫ್ಟೂ ಒಂದು ಸುತ್ತು. ಐದನೆಯ ಗೇರಿನಲ್ಲಿ ಅನುಪಾತ 1ಕ್ಕಿಂತ ಕಡಿಮೆ. ಇಂಜಿನ್ನಿಗಿಂತ ಶಾಫ್ಟೇ ಹೆಚ್ಚು ಸುತ್ತುತ್ತದೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ಒಂದು ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ನಿಮ್ಮ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ. ಐದನೆಯ ಗೇರಿನ ಅನುಪಾತ 0.8 ಇದ್ದರೆ ಅದೇ ವೇಗಕ್ಕೆ 3200 ಸುತ್ತು ಸಾಕು. ನಿಮಿಷಕ್ಕೆ 800 ಸುತ್ತು ಉಳಿಯಿತು. ಒಂದು ಗಂಟೆಯ ಓಟದಲ್ಲಿ 48,000 ಸುತ್ತು. ಸದ್ದು ಕಡಿಮೆ, ಶಾಖ ಕಡಿಮೆ, ಸವೆತ ಕಡಿಮೆ, ಪೆಟ್ರೋಲೂ ಸ್ವಲ್ಪ ಉಳಿಯುತ್ತದೆ. ಐದನೆಯ ಗೇರಿನ ಲಾಭವೆಲ್ಲ ಇಷ್ಟರಲ್ಲೇ ಇದೆ. ಇದು ಬಲ ಕೊಡುವ ಗೇರಲ್ಲ, ದಣಿವು ಕಳೆಯುವ ಗೇರು. ಈ ಒಂದು ಮಾತು ಮಾವನಿಗೆ ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು.

ಇನ್ನು ಕಾರಿನ ವಿಷಯ. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಕಾರು 1959ರಲ್ಲಿ ಹೊರಬಂತು. ಅದರ ರೂಪವನ್ನು ರಚಿಸಿದವರು ಇಟಲಿಯ ಜೊವಾನ್ನಿ ಮಿಕೆಲೊತ್ತಿ. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆ ಇದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಇಬ್ಬರು ಕೂರುವ ಸ್ಪೋರ್ಟ್ಸ್ ಕಾರನ್ನು ಟ್ರಯಂಫಿನವರು 1962ರಿಂದ 1980ರವರೆಗೆ ಮಾಡಿದರು. ಅದು ಸ್ಪಿಟ್‌ಫೈರ್. ಆದ್ದರಿಂದ ವಿದೇಶದ ಸ್ಪಿಟ್‌ಫೈರ್ ಮಾಲೀಕರು ಐದು ಗೇರಿಗಾಗಿ ಏನೇನು ಮಾಡಿದ್ದಾರೋ ಅದರಲ್ಲಿ ಹೆಚ್ಚಿನದು ನಮ್ಮ ಮದರಾಸಿನ ಹೆರಾಲ್ಡಿಗೂ ಪಾಠವೇ. ಅದು ತಂಗಿ, ಇದು ಅಕ್ಕ.

ಹೆರಾಲ್ಡಿನಲ್ಲಿ ರಿಪೇರಿ ಮಾಡುವವರಿಗೆ ಎರಡು ಅನುಕೂಲಗಳಿವೆ. ಮುಂದಿನ ಬಾನೆಟ್ ಮಡ್‌ಗಾರ್ಡ್ ಸಮೇತ ಇಡಿಯಾಗಿ ಮೇಲೇಳುತ್ತದೆ. ಎರಡನೆಯದಾಗಿ, ಗೇರ್ ಪೆಟ್ಟಿಗೆಯನ್ನು ಕಾರಿನ ಒಳಗಿನಿಂದಲೇ ಹೊರತೆಗೆಯಬಹುದು. ಸೀಟು ತೆಗೆದು, ನಡುವಿನ ಮುಚ್ಚಳ ಬಿಚ್ಚಿದರೆ ಪೆಟ್ಟಿಗೆ ಕಣ್ಣೆದುರಿಗಿರುತ್ತದೆ. ಕೊರತೆಯೂ ಇದೆ. ನಾಲ್ಕು ಗೇರಿನಲ್ಲಿ ಮೊದಲನೆಯದಕ್ಕೆ ಸಿಂಕ್ರೊ ಇಲ್ಲ. ಗೇರು ಕೂಡುವ ಮುನ್ನ ಎರಡು ಚಕ್ರಗಳ ವೇಗವನ್ನು ಸಮ ಮಾಡುವ ಪಿತ್ತಾಳೆಯ ಉಂಗುರಕ್ಕೆ ಸಿಂಕ್ರೊ ಎನ್ನುತ್ತಾರೆ. ಅದಿಲ್ಲದಿದ್ದರೆ ಕಾರು ಪೂರ್ತಿ ನಿಂತ ಮೇಲೇ ಮೊದಲನೆಯ ಗೇರು ಹಾಕಬೇಕು. ಆತುರ ಮಾಡಿದರೆ ಹಲ್ಲು ಕಚ್ಚುವ ಸದ್ದು. ಅವಿನಾಶಿ ರಸ್ತೆಯ ಈಗಿನ ದಟ್ಟಣೆಯಲ್ಲಿ ಇದು ದೊಡ್ಡ ಕಾಟ. ಹೆದ್ದಾರಿಗೆ ಬಂದರೆ ಹಿಂದಿನಿಂದ ಬರುವ ಲಾರಿಗಳೇ 80 ಕಿಲೋಮೀಟರ್ ವೇಗದಲ್ಲಿರುತ್ತವೆ. ಆ ವೇಗಕ್ಕೆ ಹೆರಾಲ್ಡ್ ಏರಿದರೆ ಒಳಗೆ ಕುಳಿತವರು ಮಾತನಾಡಲಾಗದಷ್ಟು ಸದ್ದು. ಹೀಗಾಗಿ ಮಾವನಿಗೆ ಐದು ಗೇರಿನ ಆಸೆ ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಯಾವ ಪೆಟ್ಟಿಗೆ ಹಾಕಬಹುದು? ಇಲ್ಲೇ ಹಲವರು ಎಡವುತ್ತಾರೆ. ಗುಜರಿಯಲ್ಲಿ, ತಮಿಳಿನಲ್ಲಿ ನಾವು ಕಾಯಲಾನ್ ಕಡೈ ಎನ್ನುವಲ್ಲಿ, ಐದು ಗೇರಿನ ಪೆಟ್ಟಿಗೆಗಳಿಗೆ ಬರವಿಲ್ಲ. ಆದರೆ ಈಗಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವುಗಳ ಇಂಜಿನ್ ಅಡ್ಡಲಾಗಿ ಕುಳಿತಿರುತ್ತದೆ, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಹೆರಾಲ್ಡಿನಲ್ಲಿ ಇಂಜಿನ್ ಉದ್ದಕ್ಕೆ ಕುಳಿತಿದೆ, ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಆದ್ದರಿಂದ ದಾನ ಕೊಡುವ ಗಾಡಿಯೂ ಅಂಥದ್ದೇ ಆಗಿರಬೇಕು. ನಮ್ಮ ದೇಶದಲ್ಲಿ ಹಾಗೆ ಸಿಗುವವು ಎಂದರೆ ಮಾರುತಿ ಜಿಪ್ಸಿಯ ಐದು ಗೇರಿನ ಮಾದರಿ, ಮಾರುತಿ ಈಕೊ, ಇಸುಜು ಇಂಜಿನ್ ಇದ್ದ ಕಾಂಟೆಸ್ಸಾ ಮತ್ತು ಅಂಬಾಸಡರ್. ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ಮತ್ತು ಎಂಜಿಬಿ ಕಾರುಗಳವರು ಹೆಚ್ಚಾಗಿ ಆರಿಸುವುದು ಫೋರ್ಡ್ ಸಿಯೆರಾದ ಟೈಪ್ 9 ಎಂಬ ಪೆಟ್ಟಿಗೆಯನ್ನು. ಅಲ್ಲಿ ಅದಕ್ಕೆ ಬೇಕಾದ ಜೋಡಣೆಯ ಭಾಗಗಳನ್ನು ಒಂದು ಕಟ್ಟಾಗಿಯೇ ಮಾರುತ್ತಾರೆ. ನಮ್ಮಲ್ಲಿ ಲೇತಿನವರೇ ಗತಿ.

ಅಂಬಾಸಡರಿನ ಕಥೆಯಲ್ಲಿ ಒಂದು ಪಾಠವಿದೆ. 1990ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತನ್ನ ಅಂಬಾಸಡರಿಗೆ 1800 ಸಿಸಿಯ ಇಸುಜು ಇಂಜಿನ್ ಮತ್ತು ಐದು ಗೇರು ಕೊಟ್ಟಿತು. ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರ್ ರಾಡು ಆ ಮಾದರಿಯಲ್ಲಿ ನೆಲಕ್ಕೆ ಬಂತು. ಅದು ಸಲೀಸಾಗಿ ನಡೆದದ್ದಕ್ಕೆ ಕಾರಣ, ಇಂಜಿನ್ನೂ ಪೆಟ್ಟಿಗೆಯೂ ಒಂದೇ ಮನೆಯವು, ಒಂದಕ್ಕೊಂದು ಹೊಂದಿಯೇ ಹುಟ್ಟಿದವು. ಕಷ್ಟ ಬರುವುದು ಒಂದು ಮನೆಯ ಇಂಜಿನ್ನಿಗೆ ಇನ್ನೊಂದು ಮನೆಯ ಪೆಟ್ಟಿಗೆ ಕಟ್ಟುವಾಗ. ಹಾಗಾದರೆ ಇಂಜಿನ್ನನ್ನೂ ಬದಲಿಸೋಣ ಎಂದರೆ, ಆರ್.ಸಿ. ಪುಸ್ತಕದಲ್ಲಿ ಬರೆದಿರುವ ಇಂಜಿನ್ ಸಂಖ್ಯೆಯೇ ಬದಲಾಗುತ್ತದೆ, ಆರ್.ಟಿ.ಒ. ಅನುಮತಿಯ ಮಾತು ಬರುತ್ತದೆ. ಅಲ್ಲದೆ ಕಾರಿನ ಜೀವವೇ ಬೇರೆಯಾದ ಹಾಗೆ.

ಮಾವನ ಕಾರಿಗೆ ಹಾಕಿದ್ದು ಜಿಪ್ಸಿಯ ಪೆಟ್ಟಿಗೆ. ಅದರ ಅನುಪಾತಗಳನ್ನು ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು. ಮೊದಲನೆಯದು 3.65, ಎರಡನೆಯದು 1.95, ಮೂರನೆಯದು 1.42, ನಾಲ್ಕನೆಯದು 1, ಐದನೆಯದು 0.795. ಫೋರ್ಡ್ ಟೈಪ್ 9ರದೂ ಹೆಚ್ಚುಕಡಿಮೆ ಇದೇ: 3.65, 1.97, 1.37, 1, 0.82. ಈಗ 948 ಸಿಸಿ ಹೆರಾಲ್ಡಿನ ಹಳೆಯ ಪೆಟ್ಟಿಗೆ ನೋಡಿ. ಮೊದಲನೆಯದು 4.27, ಎರಡನೆಯದು 2.46, ಮೂರನೆಯದು 1.45, ನಾಲ್ಕನೆಯದು 1.

ಎರಡರ ಮೊದಲನೆಯ ಗೇರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 4.27 ಇದ್ದದ್ದು 3.65 ಆಯಿತು. ಹಿಂದೆ ನೂರು ಪಾಲು ಎಳೆಯುತ್ತಿದ್ದದ್ದು ಈಗ 85 ಪಾಲು ಮಾತ್ರ ಎಳೆಯುತ್ತದೆ. ಗೇರು ಒಂದು ಹೆಚ್ಚಾಯಿತು, ಆದರೆ ಏರು ಹತ್ತುವ ಬಲ ಕಡಿಮೆಯಾಯಿತು! ಜಿಪ್ಸಿಯಲ್ಲಿ ಇದರಿಂದ ತೊಂದರೆಯಿಲ್ಲ. ಅದರದು 1300 ಸಿಸಿಯ ಇಂಜಿನ್, ಕಷ್ಟದ ಜಾಗಕ್ಕೆ ಇನ್ನೊಂದು ಇಳಿಗೇರಿನ ಪೆಟ್ಟಿಗೆಯೂ ಇದೆ. ಹೆರಾಲ್ಡಿನದು ಸುಮಾರು 35 ಕುದುರೆಶಕ್ತಿಯ ಇಂಜಿನ್. "ಐದು ಗೇರಿದ್ದರೆ ದಿಂಬಂ ಸಲೀಸಾಗಿ ಹತ್ತುತ್ತದಾ?" ಎಂದು ಮಾವ ಮೊದಲ ಗ್ಯಾರೇಜಿನಲ್ಲಿ ಕೇಳಿದ್ದರಂತೆ. "ಹತ್ತದೇ ಏನಣ್ಣಾ?" ಎಂದು ಉತ್ತರ ಬಂದಿತ್ತು. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ.

ಈಗ ಜೋಡಿಸುವ ಕೆಲಸವನ್ನು ಒಂದೊಂದಾಗಿ ನೋಡೋಣ. ಇಂಜಿನ್ನಿನ ಹಿಂಭಾಗಕ್ಕೂ ಗೇರ್ ಪೆಟ್ಟಿಗೆಗೂ ನಡುವೆ ಗಂಟೆಯ ಆಕಾರದ ಒಂದು ಕವಚವಿದೆ. ಬೆಲ್ ಹೌಸಿಂಗ್ ಎನ್ನುತ್ತಾರೆ. ಜಿಪ್ಸಿಯ ಕವಚದ ಬೋಲ್ಟು ತೂತುಗಳು ಹೆರಾಲ್ಡಿನ ಇಂಜಿನ್ನಿಗೆ ಹೊಂದುವುದಿಲ್ಲ. ನಡುವೆ ದಪ್ಪನೆಯ ಒಂದು ತಟ್ಟೆಯನ್ನು ಕಡೆದು ಹಾಕಬೇಕು. ಅದರ ಒಂದು ಮುಖದಲ್ಲಿ ಹೆರಾಲ್ಡಿನ ತೂತುಗಳು, ಇನ್ನೊಂದು ಮುಖದಲ್ಲಿ ಜಿಪ್ಸಿಯ ತೂತುಗಳು. ನೋಡಲು ಸುಲಭದ ಕೆಲಸ. ಆದರೆ ಇಡೀ ಕೆಲಸದ ಪ್ರಾಣ ಇರುವುದು ಈ ತಟ್ಟೆಯಲ್ಲಿ. ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ನಡುಗೆರೆಯೂ ಗೇರ್ ಪೆಟ್ಟಿಗೆಯ ಶಾಫ್ಟಿನ ನಡುಗೆರೆಯೂ ಒಂದೇ ಗೆರೆಯಾಗಬೇಕು. ಹೆಚ್ಚೆಂದರೆ ತಲೆಗೂದಲಿನ ದಪ್ಪದಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ವ್ಯತ್ಯಾಸ ಇರಬಹುದು. ಬೋಲ್ಟು ಬಿಗಿಯಾಯಿತು ಎಂದ ಮಾತ್ರಕ್ಕೆ ನಡು ಕೂಡಿತು ಎಂದಲ್ಲ. ಫ್ಲೈವೀಲಿನ ಮೇಲೆ ಡಯಲ್ ಗೇಜ್ ಕೂರಿಸಿ, ಕೈಯಲ್ಲಿ ಸುತ್ತಿಸಿ, ಮುಳ್ಳು ಎಷ್ಟು ಓಡುತ್ತದೆ ನೋಡಬೇಕು. ಮುಳ್ಳು ಓಡಿದ್ದರಲ್ಲಿ ಅರ್ಧದಷ್ಟು ನಡು ತಪ್ಪಿದೆ ಎಂದು ಅರ್ಥ. ನಡು ಕೂಡಿದ ಮೇಲೆ ತಟ್ಟೆ ಅಲುಗದಂತೆ ಡೋವೆಲ್ ಪಿನ್ನು ಹಾಕಬೇಕು.

ಎರಡನೆಯದು ಕ್ಲಚ್ಚು. ಕ್ಲಚ್ ಪ್ಲೇಟಿನ ಹೊರಸುತ್ತು ಹೆರಾಲ್ಡಿನ ಫ್ಲೈವೀಲಿಗೆ ಹೊಂದಬೇಕು. ಅದರ ನಡುವಿನ ಗಾಡಿಗಳು ಜಿಪ್ಸಿಯ ಶಾಫ್ಟಿನ ಗಾಡಿಗಳಿಗೆ ಹೊಂದಬೇಕು. ಇದಕ್ಕಾಗಿ ಹೊರಗಿನದು ಒಂದು, ನಡುವಿನದು ಇನ್ನೊಂದು ಮಾಡಿ ಪ್ಲೇಟು ಕಟ್ಟಿಸುತ್ತಾರೆ. ಕ್ಲಚ್ಚನ್ನು ಬಿಡಿಸುವ ವ್ಯವಸ್ಥೆಯೂ ಬೇರೆ. ಹೆರಾಲ್ಡಿನದು ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು, ಜಿಪ್ಸಿಯದು ಕೇಬಲ್. ಎರಡರಲ್ಲಿ ಒಂದನ್ನು ಆರಿಸಿ, ಪೆಡಲ್ ಪೂರ್ತಿ ಒತ್ತಿದಾಗ ಕ್ಲಚ್ಚು ಪೂರ್ತಿ ಬಿಡುತ್ತದೆಯೇ ಎಂದು ಅಳೆದು ನೋಡಬೇಕು.

ಮೂರನೆಯದು ಚಿಕ್ಕ ವಸ್ತು, ಆದರೆ ಮರೆತರೆ ದೊಡ್ಡ ಹಾನಿ. ಗೇರ್ ಪೆಟ್ಟಿಗೆಯ ಶಾಫ್ಟಿನ ತುದಿ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಕುಳಿಯಲ್ಲಿ ಒಂದು ಬುಷ್ಷಿನೊಳಗೆ ಕೂರುತ್ತದೆ. ಪೈಲಟ್ ಬುಷ್ ಎನ್ನುತ್ತಾರೆ. ಹೊಸ ಶಾಫ್ಟಿನ ತುದಿಯ ದಪ್ಪವೂ ಉದ್ದವೂ ಬೇರೆ. ಅದಕ್ಕೆ ತಕ್ಕ ಕಂಚಿನ ಬುಷ್ಷನ್ನು ಲೇತಿನಲ್ಲಿ ಕಡೆದು ಹಾಕಲೇಬೇಕು. ಬುಷ್ಷಿಲ್ಲದ ಶಾಫ್ಟು ಒಂದು ಕಡೆ ಮಾತ್ರ ಕಟ್ಟಿದ ತೊಟ್ಟಿಲಿನ ಹಾಗೆ ತೂಗಾಡುತ್ತದೆ.

ನಾಲ್ಕನೆಯದು ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು. ಪೆಟ್ಟಿಗೆಯ ಉದ್ದ ಬದಲಾದರೆ ಇದರ ಉದ್ದವೂ ಬದಲಾಗಬೇಕು. ಕತ್ತರಿಸಿ ಬೆಸೆದರೆ ಸಾಲದು, ಯಂತ್ರದಲ್ಲಿ ತಿರುಗಿಸಿ ತೂಕ ಸಮ ಮಾಡಿಸಬೇಕು. ಇಲ್ಲದಿದ್ದರೆ ವೇಗ ಏರಿದಾಗ ಕಾರು ನಡುಗುತ್ತದೆ. ಇನ್ನೊಂದು ಸಂಗತಿ. ಹೆರಾಲ್ಡಿನಲ್ಲಿ ಹಿಂದಿನ ಡಿಫರೆನ್ಷಿಯಲ್ ಚಾಸಿಗೇ ಬಿಗಿದಿದೆ, ಮೇಲೆ ಕೆಳಗೆ ಆಡುವುದಿಲ್ಲ. ಅದರ ನಂತರ 1970ರ ದಶಕದಲ್ಲಿ ಬಂದ ಸ್ಟ್ಯಾಂಡರ್ಡ್ ಗ್ಯಾಜೆಲಿನಲ್ಲಿ ಹಿಂದಿನ ಆಕ್ಸಲ್ ಇಡಿಯಾಗಿ ಆಡುತ್ತದೆ. ಆದ್ದರಿಂದ ಗ್ಯಾಜೆಲಿನ ಶಾಫ್ಟಿಗೆ ಹಿಂದೆ ಮುಂದೆ ಜಾರಲು ಜಾಗ ಹೆಚ್ಚು ಬೇಕು. ಹೆರಾಲ್ಡಿನ ಅಳತೆಯನ್ನು ಗ್ಯಾಜೆಲಿಗೆ ಹಾಗೇ ಬಳಸಬಾರದು.

ಉಳಿದವು ಸಣ್ಣ ಕೆಲಸಗಳು. ಗೇರ್ ರಾಡು ಹಳೆಯ ಜಾಗಕ್ಕೇ ಬರುವುದಿಲ್ಲ, ಬಗ್ಗಿಸಬೇಕಾಗಬಹುದು. ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ ಗೇರ್ ಪೆಟ್ಟಿಗೆಯಿಂದ ಹೊರಡುವುದಿಲ್ಲ, ಅದರ ಹಿಂದಿನ ಇನ್ನೊಂದು ಪೆಟ್ಟಿಗೆಯಿಂದ ಹೊರಡುತ್ತದೆ. ಆ ಪೆಟ್ಟಿಗೆ ಹೆರಾಲ್ಡಿಗೆ ಬರುವುದಿಲ್ಲವಾದ್ದರಿಂದ ವೇಗ ತೋರಿಸಲು ಬೇರೆ ದಾರಿ ಹುಡುಕಬೇಕು. ಎಣ್ಣೆಯ ವಿಷಯದಲ್ಲಿ ತಯಾರಕರು ಹೇಳಿದ್ದನ್ನೇ ಹಾಕಿ. ಜಿಎಲ್-5 ಎಂದು ಬರೆದಿರುವ ಕೆಲವು ಎಣ್ಣೆಗಳು ಸಿಂಕ್ರೊದ ಪಿತ್ತಾಳೆ ಉಂಗುರಗಳನ್ನು ತಿನ್ನುತ್ತವೆ.

ಈಗ ದಿಂಬಂ ಘಾಟಿಗೆ ಬರೋಣ. ಮಾವ, ಅತ್ತೆ, ಅವರ ಮಗ, ಸೊಸೆ, ನಾನು. ಚಾಮರಾಜನಗರದ ಕಡೆ ಒಂದು ಮದುವೆ. ಹೆದ್ದಾರಿಯಲ್ಲಿ ಐದನೆಯ ಗೇರಿನ ಸುಖವನ್ನು ಮಾವ ಹಾಡಿ ಹೊಗಳಿದ್ದೇ ಹೊಗಳಿದ್ದು. ಘಾಟಿಯಲ್ಲಿ ಮುಂದೆ ಕಬ್ಬಿನ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ನಾವು ಅದರ ಹಿಂದೆ ಏರಿನಲ್ಲಿ ನಿಂತೆವು. ಮತ್ತೆ ಹೊರಡುವಾಗ ಮೊದಲನೆಯ ಗೇರಿನ ಬಲ ಸಾಲಲಿಲ್ಲ. ಮಾವ ಇಂಜಿನ್ನನ್ನು ಜೋರು ಮಾಡಿ ಅರ್ಧ ಕ್ಲಚ್ಚಿನಲ್ಲಿ ಎಳೆದರು. ಹೀಗೆ ಮೂರು ತಿರುವು. ನಾಲ್ಕನೆಯದರಲ್ಲಿ ಸುಟ್ಟ ವಾಸನೆ ಬಂತು, ಟಣ್ ಎಂಬ ಸದ್ದು ಕೇಳಿತು, ಇಂಜಿನ್ ಕೂಗುತ್ತಿದ್ದರೂ ಕಾರು ಮುಂದೆ ಹೋಗಲಿಲ್ಲ. ಹಿಂದಕ್ಕೆ ಜಾರತೊಡಗಿತು. ಮಾವ ಬ್ರೇಕನ್ನು ಒತ್ತಿ ಹಿಡಿದು, "ಇಳೀರಿ, ಕಲ್ಲು ಕೊಡಿ" ಎಂದು ಕೂಗಿದರು. ನಾನೂ ಅವರ ಮಗನೂ ಹಾರಿ ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಹಿಂದೆ ತುಂಬಿದ ಬಸ್ಸೊಂದು ನಿಂತಿತ್ತು. ನಡುವೆ ಎರಡು ಮಾರು ಜಾಗವಿತ್ತು.

ಆಮೇಲೆ ಕಾರನ್ನು ಕೊಯಮತ್ತೂರಿನ ಗಣಪತಿಯ ಹತ್ತಿರದ ಒಬ್ಬ ಲೇತ್ ಮೇಸ್ತ್ರಿಯ ಬಳಿಗೆ ಒಯ್ದೆವು. ಅವರ ಮನೆಮಾತೂ ಕನ್ನಡವೇ. ಪೆಟ್ಟಿಗೆ ಇಳಿಸಿ, ಡಯಲ್ ಗೇಜ್ ಹಾಕಿ ನೋಡಿದರು. ನಡು ಅರ್ಧ ಮಿಲಿಮೀಟರ್ ತಪ್ಪಿತ್ತು. ಪೈಲಟ್ ಬುಷ್ ಇರಲೇ ಇಲ್ಲ. ತಪ್ಪಿದ ನಡುವಿನಿಂದ ಕ್ಲಚ್ ಪ್ಲೇಟಿನ ಮಧ್ಯಭಾಗ ಸುತ್ತುಸುತ್ತಿಗೂ ತಿರುಚಿಕೊಂಡು ಬಿರುಕು ಬಿಟ್ಟಿತ್ತು. ಘಾಟಿಯ ಅರ್ಧ ಕ್ಲಚ್ಚಿನ ಶಾಖ ಮತ್ತು ಹೊರೆ ಅದನ್ನು ಮುರಿದಿತ್ತು. "ಅಣ್ಣಾ, ಇದನ್ನು ನಾನು ಸರಿ ಮಾಡಿಕೊಡ್ತೀನಿ. ಆದರೆ ಘಾಟಿಗೆ ಇದಲ್ಲ, ಅವಿನಾಶಿ ರಸ್ತೆಗೆ ಇದು. ಐದು ಜನ ಕೂತು ದಿಂಬಂ ಹತ್ತಬೇಡಿ" ಎಂದರು ಮೇಸ್ತ್ರಿ. ಹೊಸ ತಟ್ಟೆ, ಹೊಸ ಬುಷ್ಷು, ಹೊಸ ಪ್ಲೇಟು ಹಾಕಿದರು. ಅದರ ನಂತರ ಸಮತಟ್ಟು ರಸ್ತೆಯಲ್ಲಿ ಕಾರು ವರ್ಷಗಟ್ಟಲೆ ತೊಂದರೆ ಕೊಡಲಿಲ್ಲ.

ಆದರೆ ಮೇಸ್ತ್ರಿಯಿಂದಲೂ ಸರಿಪಡಿಸಲಾಗದ ಒಂದಿತ್ತು. ಮೊದಲ ಗ್ಯಾರೇಜಿನವರು ಹೊಸ ಪೆಟ್ಟಿಗೆಗೆ ಜಾಗ ಮಾಡಲು ಚಾಸಿಯಲ್ಲಿ ಹಳೆಯ ಪೆಟ್ಟಿಗೆಯನ್ನು ಹೊರುತ್ತಿದ್ದ ಬ್ರಾಕೆಟ್ಟನ್ನು ಗ್ಯಾಸಿನಲ್ಲಿ ಕತ್ತರಿಸಿ ಎಸೆದಿದ್ದರು. "ಕತ್ತರಿಸುವ ಅಗತ್ಯವೇ ಇರಲಿಲ್ಲ. ಬೋಲ್ಟು ಹಾಕಿ ಬಿಚ್ಚುವ ಹಾಗೆ ಅಡ್ಡಪಟ್ಟಿ ಮಾಡಬಹುದಿತ್ತು" ಎಂದು ಮೇಸ್ತ್ರಿ ತಲೆಯಾಡಿಸಿದರು. ಹಳೆಯ ಪೆಟ್ಟಿಗೆಯನ್ನೂ ಗುಜರಿಗೆ ಹಾಕಲು ಮಾವ ಹೊರಟಿದ್ದರು. ಅತ್ತೆ ಬಿಡಲಿಲ್ಲ. "ನಮ್ಮ ಜೊತೆ ಇಷ್ಟು ವರ್ಷ ಓಡಿದ್ದು, ಇರಲಿ" ಎಂದು ಗ್ರೀಸು ಬಳಿಸಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದರು.

ಆ ಮಾತಿನ ಬೆಲೆ ತಿಳಿದದ್ದು 2021ರಲ್ಲಿ. ಆ ವರ್ಷ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗಾಗಿ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ ಎಂದು ಗೊತ್ತುಪಡಿಸಿದರು. ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ನಿಯಮದಲ್ಲಿ ಗೇರ್ ಪೆಟ್ಟಿಗೆಯ ಹೆಸರಿಲ್ಲ. ಆದರೆ ಚಾಸಿಯ ಹೆಸರಿದೆ. ನಮ್ಮ ಕಾರಿನಲ್ಲಿ ಕತ್ತರಿಸಿದ್ದು ಚಾಸಿಯ ಭಾಗವನ್ನು.

ಕಾನೂನಿನ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದೆ. ಆದ್ದರಿಂದ ಕೆಲಸ ಶುರು ಮಾಡುವ ಮುನ್ನವೇ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಪತ್ರ ಬರೆದು ತಿಳಿಸಿ, ಅದರ ನಕಲು ಇಟ್ಟುಕೊಳ್ಳುವುದು ಒಳ್ಳೆಯದು. ಅಪಘಾತವಾದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಕೇಳಿ ಐದು ಗೇರಿನ ಆಸೆಯೇ ತಪ್ಪು ಎಂದು ತಿಳಿಯಬೇಡಿ. ಒಂದು ಗಾಡಿಯ ಭಾಗವನ್ನು ಇನ್ನೊಂದರಲ್ಲಿ ಕೂರಿಸುವ ಕೈಚಳಕ ಕೊಯಮತ್ತೂರಿಗೆ ಹೊಸದಲ್ಲ. ಇಲ್ಲಿಯ ಕರಿವರ್ಧನ್ ಅವರು ಮಾರುತಿ ಕಾರಿನ ಇಂಜಿನ್ ಇಟ್ಟುಕೊಂಡು ಒಬ್ಬರೇ ಕೂರುವ ರೇಸ್ ಕಾರುಗಳನ್ನು ಕಟ್ಟಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರನ್ನು ಚೆಟ್ಟಿಪಾಳಯದ ರೇಸ್ ಮೈದಾನಕ್ಕೆ ಇಟ್ಟಿದ್ದಾರೆ. ಸಿಂಗಾನಲ್ಲೂರಿನಲ್ಲಿ ಗೇರು ಕಡೆಯುವ ಶಾಂತಿ ಗೇರ್ಸ್‌ನಂಥ ಕಾರ್ಖಾನೆಯಿದೆ. ಲೇತು, ಡಯಲ್ ಗೇಜು, ಅದನ್ನು ಓದಬಲ್ಲ ಮೇಸ್ತ್ರಿಗಳು ಓಣಿ ಓಣಿಯಲ್ಲಿದ್ದಾರೆ. ಹಳೆಯ ಕಾರು ಮೂಲ ರೂಪದಲ್ಲಿ ಹೇಗಿರುತ್ತದೆ ಎಂದು ನೋಡಬೇಕಾದರೆ ಅವಿನಾಶಿ ರಸ್ತೆಯಲ್ಲಿ 2015ರಲ್ಲಿ ತೆರೆದ ಜಿ.ಡಿ. ಕಾರು ಸಂಗ್ರಹಾಲಯಕ್ಕೆ ಮಕ್ಕಳೊಂದಿಗೆ ಒಮ್ಮೆ ಹೋಗಿ ಬನ್ನಿ.

ಮಾಡಿಸುವವರು ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಓಡಾಟ ಹೆಚ್ಚು ಸಮತಟ್ಟಿನಲ್ಲೋ, ಘಾಟಿಯಲ್ಲೋ? ವಾಲ್ಪಾರೈಯ 40 ತಿರುವು ಹತ್ತುವವರಿಗೆ ಐದನೆಯ ಗೇರಿನಿಂದ ಏನೂ ಲಾಭವಿಲ್ಲ, ಮೊದಲನೆಯ ಗೇರಿನ ಅನುಪಾತ ನೋಡಿ. ಎರಡನೆಯದು, ನಡುವನ್ನು ಯಾರು ಅಳೆಯುತ್ತಾರೆ, ಯಾವುದರಲ್ಲಿ ಅಳೆಯುತ್ತಾರೆ? ಗೇಜಿನ ಮುಳ್ಳನ್ನು ನಿಮ್ಮ ಕಣ್ಣಿಂದಲೇ ನೋಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಾಳೆ ಇದನ್ನು ಬಿಚ್ಚಿ ಹಳೆಯದನ್ನು ಮತ್ತೆ ಕೂರಿಸಬಹುದೇ? ಬಿಚ್ಚಬಹುದಾದರೆ ಅದು ಸುಧಾರಣೆ. ಚಾಸಿಗೆ ಗ್ಯಾಸ್ ಹಚ್ಚಬೇಕು ಎಂದು ಯಾರಾದರೂ ಅಂದರೆ ಕಾರನ್ನು ಮನೆಗೆ ಓಡಿಸಿಕೊಂಡು ಬನ್ನಿ.

ಮಾವನಿಗೆ ಈಗ ಎಂಬತ್ತು ದಾಟಿದೆ. ಕಳೆದ ವರ್ಷ ಅವರ ಮಗ ಅದೇ ಲೇತ್ ಮೇಸ್ತ್ರಿಯನ್ನು ಕರೆಸಿ, ಇನ್ನೊಂದು ಹೆರಾಲ್ಡಿನ ಬ್ರಾಕೆಟ್ಟನ್ನು ಅಳೆದು ಅದರಂತೆ ಹೊಸದೊಂದನ್ನು ಮಾಡಿಸಿದ. ಗೋಣಿಚೀಲ ಅಟ್ಟದಿಂದ ಇಳಿಯಿತು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ತನ್ನ ಜಾಗಕ್ಕೆ ಮರಳಿತು. ವಿಂಟೇಜ್ ಅರ್ಜಿ ಇನ್ನೂ ಹಾಕಿಲ್ಲ. ಹಾಕುವಾಗ ಬೆಸುಗೆಯ ಗುರುತಿನ ಬಗ್ಗೆ ಉಳ್ಳದ್ದನ್ನು ಉಳ್ಳಂತೆ ಹೇಳಬೇಕೆಂದು ಮಾವನ ಅಪ್ಪಣೆ. ಮೊದಲ ದಿನ ಕಾರು ಹೊರತೆಗೆದಾಗ ಮಾವ ಆತುರಪಟ್ಟು ಮೊದಲನೆಯ ಗೇರು ಹಾಕಿದರು, ಹಲ್ಲು ಕಚ್ಚಿ ಕರ್ರ್ ಎಂದಿತು. "ಬೈತಾ ಇದೆ ನೋಡೋ" ಎಂದು ನಕ್ಕರು. ಜಿಪ್ಸಿಯ ಪೆಟ್ಟಿಗೆ ಈಗ ಅದೇ ಗೋಣಿಚೀಲದಲ್ಲಿ, ಅದೇ ಅಟ್ಟದಲ್ಲಿದೆ. ಅದಕ್ಕೂ ಅತ್ತೆಯೇ ಗ್ರೀಸು ಬಳಿಸಿದ್ದಾರೆ.